ಅಂಚಿನಲ್ಲಿ ಒಂದು ಕೆಂಪು ಹೊಲಿಗೆ

ಅಕ್ಕನ ಬಲಗೈ ನಡುಬೆರಳಿನ ತುದಿ ಸೂಜಿ ತಳ್ಳಿ ತಳ್ಳಿ ಹುರಿಗಡಲೆಯ ಹಾಗೆ ಗಟ್ಟಿಯಾಗಿತ್ತು. ಆ ಬೆರಳಿನಿಂದ ಪುಟ ತಿರುವಿದರೆ ಆಚೆ ಖೋಲಿಯವರೆಗೂ ಸರಕ್ಕನೆ ಕೇಳುತ್ತಿತ್ತು. ಸೆರಗಿಗೆ ಕೆಂಪು ದಾರ ಪೋಣಿಸಿದ ಸೂಜಿಯೊಂದು ಸದಾ ಚುಚ್ಚಿರುತ್ತಿತ್ತು. ಹಳೆ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯಲಿಕ್ಕೂ ಅದೇ, ಓದಲಿಕ್ಕೂ ಅದೇ. ಕಾದಂಬರಿ ಬರೆದವರು ಎಲ್ಲಿ ತಪ್ಪಿದ್ದಾರೆಂದು ಅವಳಿಗೆ ಅನ್ನಿಸುತ್ತಿತ್ತೋ ಆ ಪುಟದ ಅಂಚಿಗೆ ಒಂದು ಕೆಂಪು ಹೊಲಿಗೆ ಹಾಕಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದು ಮುಂದೆ ಓದುತ್ತಿದ್ದಳು.

ನನ್ನ ಒಡಹುಟ್ಟಿದವಳಲ್ಲ; ಚಿಗಳ್ಳಿ ಕಡೆಯ ಸಿದ್ದಿ ಮನೆತನದ ಹೆಣ್ಣುಮಗಳು, ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ಕುಲ. ಚಿಕ್ಕವಳಿದ್ದಾಗ ಹಳಿಯಾಳದ ಸಿಸ್ಟರ್‌ಗಳ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಕಲಿತಿದ್ದಳು. ನಾನು ಕಂಡಾಗ ಟಿಬೆಟನ್ ಕಾಲೊನಿಯ ಒಂದು ಗೆಸ್ಟ್‌ಹೌಸಿನಲ್ಲಿ ಹಾಸಿಗೆ, ಹೊದಿಕೆ, ಪರದೆಗಳನ್ನು ನೋಡಿಕೊಳ್ಳುತ್ತಿದ್ದಳು. ಮಠಗಳಿಗೆ ಬಂದ ವಿದೇಶಿ ಜನ ಬ್ಯಾಗು ಭಾರವೆಂದು ಓದಿದ ಕಾದಂಬರಿಗಳನ್ನು ಖೋಲಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಧರ್ಮದ ಪುಸ್ತಕ ಒಯ್ಯುತ್ತಿದ್ದರು, ಇವನ್ನು ಬಿಡುತ್ತಿದ್ದರು. ಆಕಾಶದಲ್ಲಿ ಹಾರುವ, ಗೋಡೆ ಒಡೆಯುವ ಸೂಪರ್‌ಹೀರೋಗಳ ಕಥೆಗಳು. ದೊಡ್ಡ ಶಹರದ ಸಂದಿಗೊಂದಿಗಳಲ್ಲಿ ಮಾಟಗಾತಿಯರು, ತೋಳಮನುಷ್ಯರು, ರಕ್ತ ಹೀರುವವರು ನಮ್ಮಂತೆಯೇ ಸಂಸಾರ ಹೂಡಿಕೊಂಡಿರುವ ಕಥೆಗಳು. ಅವೆಲ್ಲ ಅಕ್ಕನ ಪಾಲಿಗೆ ಬರುತ್ತಿದ್ದವು.

ನಾನು ಆಗ ಮುಂಡಗೋಡದ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದೆ. ಸಂಜೆ ಚಿಗಳ್ಳಿ ಬಸ್ಸು ಬರುವವರೆಗೆ ಅಕ್ಕ ನನ್ನ ಬೆಂಚಿನ ಮೇಲೆ ಕೂತು ಆ ದಿನ ಓದಿದ್ದನ್ನು ಹೇಳುತ್ತಿದ್ದಳು. ಕಥೆಗಿಂತ ತಕರಾರೇ ಜಾಸ್ತಿ.

“ನೋಡು ತಮ್ಮಾ, ಇನ್ನೂರು ಪುಟ ಆತು. ಊರು ಕಾಯಾಂವ ಇನ್ನೂ ಒಂದು ತುತ್ತು ಉಂಡಿಲ್ಲ. ಬರೇ ಹೊಟ್ಟೀಲೆ ಎಷ್ಟಂತ ಹಾರ್ತಾನ?”

“ಅಕ್ಕಾ, ಅಂವಗ ಶಕ್ತಿ ಐತಲ್ಲ.”

“ಶಕ್ತಿ ಇದ್ದಾವರು ಹೆಚ್ಚ ಉಣ್ತಾರೋ ಹುಚ್ಚಾ. ಎತ್ತು ನೋಡಿಲ್ಲೇನು? ಮತ್ತ ಬೆಂಕ್ಯಾಗ ಹೊಕ್ಕು ಬಂದ, ಗೋಡಿ ಒಡಕೊಂಡು ಬಂದ. ಮರುದಿನ ಅಂಗಿ ಹೊಸಾದರಗತೆ ಐತಿ. ಹರದದ್ದನ್ನ ಹೊಲದಾಕಿ ಯಾರು? ಆಕಿ ಹೆಸರ ಇಡೀ ಪುಸ್ತಕದಾಗ ಇಲ್ಲ!”

ಮುಖವಾಡದ ವಿಷಯವಂತೂ ಅವಳಿಗೆ ನಗೆಪಾಟಲು. “ಮಾರಿ ಮುಚ್ಚಿಕೊಂಡ್ರ ಯಾರಿಗೂ ಗೊತ್ತಾಗೂದಿಲ್ಲಂತ. ನಮ್ಮೂರಿಗೆ ಬರಲಿ. ನಡಿಗಿ ನೋಡೇ ‘ಇವ ಇಂಥಾವರ ಅಳಿಯ’ ಅಂತಾರ.”

ಶಹರದ ಮಾಯಾಕಥೆಗಳ ಮೇಲೆ ಮಾತ್ರ ಅವಳಿಗೆ ಪ್ರೀತಿ. “ಇವು ಖರೇ ಅದಾವು ತಮ್ಮಾ. ಇಲ್ಲಿ ದೆವ್ವಕ್ಕೂ ಬಾಡಿಗಿ ಮನಿ ಸಿಗೂದಿಲ್ಲ. ಮಂತ್ರ ಹಾಕಿದಾಕಿಗೆ ಮರುದಿನ ಜ್ವರ ಬರ್ತೈತಿ. ಪುಕ್ಕಟ ಏನೂ ಆಗೂದಿಲ್ಲ.”

ಅಂಥದ್ದೇ ಒಂದು ಕಥೆ ಮೂರು ಭಾಗಗಳದ್ದು. ಅದರ ಮೊದಲೆರಡು ಭಾಗಗಳನ್ನು ಯಾರೋ ಒಂದೇ ಖೋಲಿಯಲ್ಲಿ ಬಿಟ್ಟು ಹೋಗಿದ್ದರು. ಮುಖಪುಟದ ಮೇಲೆ ಕಪ್ಪು ಮೈಬಣ್ಣದ, ಗುಂಗುರು ಕೂದಲಿನ ಹೆಣ್ಣು. ಅವಳ ಬೆನ್ನ ಹಿಂದೆ ದೀಪ ಹತ್ತಿದ ಶಹರ. ಅಂಥ ಮುಖವನ್ನು ಅಕ್ಕ ಯಾವ ಪುಸ್ತಕದ ಮೇಲೂ ಕಂಡಿರಲಿಲ್ಲ. ಎರಡನೆಯ ಭಾಗದ ಕೊನೆಗೆ ಆ ಹೆಣ್ಣು ಕುಸಿಯುವ ಸೇತುವೆಯನ್ನು ಹೆಗಲಿನಿಂದ ಎತ್ತಿಹಿಡಿದು, ಒಂದು ಬಸ್ಸಿನ ತುಂಬ ಜನರನ್ನು ದಾಟಿಸಿ, ತ್ರಾಣವೆಲ್ಲ ಬತ್ತಿ ನದಿಗೆ ಬೀಳುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಮೂರನೆಯದು ಇರಲಿಲ್ಲ.

ಒಂದು ದಿನ ಹುಬ್ಬಳ್ಳಿ ಬಸ್ಸಿನಿಂದ ಇಳಿದು ಬಂದ ಅಕ್ಕ ನಗುತ್ತಲೇ ಹೇಳಿದಳು: “ಬಾಜೂಕ ಕೂತಾವ ಕೇಳಿದ, ನೀವು ಯಾವ ದೇಶದವ್ರಂತ. ಚಿಗಳ್ಳಿ ದೇಶ ರೀ ಅಂದೆ. ಪಾಸ್‌ಪೋರ್ಟ್ ಬ್ಯಾಡ, ಟಿಕೆಟ್ ತಗೊಂಡ್ರ ಒಳಗ ಬಿಡ್ತಾರ ಅಂದೆ.” ನಾನೂ ನಕ್ಕೆ. ಆದರೆ ಅವಳು ಚೀಲದಿಂದ ಆ ಎರಡನೆಯ ಭಾಗ ತೆಗೆದು ಮುಖಪುಟವನ್ನೇ ಬಹಳ ಹೊತ್ತು ನೋಡಿದಳು. “ಈಕಿ ಬದುಕಿರಬೇಕು ತಮ್ಮಾ. ಮೂರನೇದ್ದು ಹುಡುಕಿ ಕೊಡು.”

ಹುಡುಕಿದೆ. ಹುಬ್ಬಳ್ಳಿಯ ರದ್ದಿ ಅಂಗಡಿಗಳ ಧೂಳು ಕುಡಿದೆ. ಬೂತಿಗೆ ಬಂದ ವಿದೇಶಿಯರಿಗೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಎರಡು ವರ್ಷ ಕಳೆದರೂ ಸಿಗಲಿಲ್ಲ. ಅಕ್ಕ ಪ್ರತಿ ಸಂಜೆ ಬಂದವಳೇ ಹುಬ್ಬೇರಿಸಿ ನೋಡುವುದು, ನಾನು ಇಲ್ಲವೆಂದು ತಲೆ ಆಡಿಸುವುದು. ಅದನ್ನು ತಾಳಲಾರದೆ ಒಂದು ಭಾನುವಾರ ಚಿಗಳ್ಳಿಗೆ ಹೋದೆ.

ಅಂಗಳದಲ್ಲಿ ಅಕ್ಕ ಮತ್ತು ಅವಳ ನಾದಿನಿ ಎದುರುಬದುರು ಕೂತು ದೊಡ್ಡ ಕೌದಿಯೊಂದನ್ನು ಮುಗಿಸುತ್ತಿದ್ದರು. “ಅಕ್ಕಾ, ನಿನ್ನೆ ಒಬ್ಬ ವಿದೇಶಿ ಹೆಣ್ಣುಮಗಳು ಫೋನ್ ಮಾಡಾಕ ಬಂದಿದ್ದಳು. ಮೂರನೇದ್ದು ಓದ್ಯಾಳಂತ” ಎಂದೆ. ಸೂಜಿ ನಿಂತಿತು. ನಾನು ಶುರುಮಾಡಿದೆ: ಆ ಹೆಣ್ಣು ನದಿಯಿಂದ ಮಿಂಚಿನ ಹಾಗೆ ಮೇಲೆದ್ದಳು, ವೈರಿಗಳನ್ನು ಚಚ್ಚಿ ಹಾಕಿದಳು, ಶಹರದ ದೊಡ್ಡವರೆಲ್ಲ ಬಂದು ಹಾರ ಹಾಕಿದರು.

ಅಕ್ಕ ಪೂರ್ತಿ ಕೇಳಿದಳು. “ಮೈಯೆಲ್ಲ ತೊಯ್ದಿತ್ತಲ್ಲ. ಒಣಾ ಅರಿವಿ ಯಾರು ಕೊಟ್ರು?”

“ಅದನ್ನ... ಹೇಳಲಿಲ್ಲ.”

“ಅವತ್ತ ಏನ್ ಉಂಡಳು?”

ನಾದಿನಿ ಸೆರಗಿನೊಳಗೆ ಕಿಸಕ್ಕನೆ ನಕ್ಕಳು.

“ಇದು ನೀ ಕಟ್ಟಿದ್ದು” ಎಂದಳು ಅಕ್ಕ. “ಸುಳ್ಳಿಗೆ ಸಿಟ್ಟಿಲ್ಲ ತಮ್ಮಾ, ಪುಸ್ತಕದ ತುಂಬ ಇರೂದು ಸುಳ್ಳ. ಇಷ್ಟು ಕಚ್ಚಾ ಹೊಲಿಗಿ ಹಾಕಿ ನನಗ ಹೊಚ್ಚಾಕ ಬಂದೀಯಲ್ಲ, ಅದಕ್ಕ ಸಿಟ್ಟು. ಬಿಚ್ಚು. ಮತ್ತ ಹೊಲಿ. ಎಲ್ಲಿ ಬಿದ್ದಳು? ನೀರು ಎತ್ತಾಗ ಹರೀತಿತ್ತು?”

ಅಂದು ಮಧ್ಯಾಹ್ನವಿಡೀ ನಾವು ಮೂವರೂ ಸೇರಿ ಆ ಕಥೆ ಹೊಲಿದೆವು. ಆ ಹೆಣ್ಣು ಹರಿವಿನ ಗುಂಟ ತೇಲಿಹೋದಳು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಎಳೆದು ಹಾಕಿದಳು. ಇವಳಾರೆಂದು ಮುದುಕಿಗೆ ಗೊತ್ತಿಲ್ಲ. ಒಣಗಿದ ಬಟ್ಟೆ ಕೊಟ್ಟಳು, ಬಿಸಿ ಗಂಜಿ ಕುಡಿಸಿದಳು. ಶಕ್ತಿ ತಿರುಗಿ ಬರಲಿಲ್ಲ. ಅಲ್ಲಿ ನಾನು ನಿಂತೆ, ಮುಂದೆ ತೋಚಲಿಲ್ಲ. “ಬಸ್ಸಿನ್ಯಾಗಿದ್ದ ಜನ ಎಲ್ಲಿ ಹೋದ್ರು?” ಎಂದಳು ನಾದಿನಿ. ಅಕ್ಕ ತಟ್ಟನೆ ತಲೆಯೆತ್ತಿ, “ಹಾಂ! ಅವರು ದಂಡಿಗುಂಟ ಹುಡಿಕ್ಕೋತ ಬರಬೇಕು. ಕಾಯೋರನ್ನ ಒಂದು ಸಲನಾದ್ರೂ ಊರು ಹುಡಿಕ್ಕೋತ ಬರಬೇಕು” ಎಂದಳು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಇಡುವುದು ಅವರ ಪದ್ಧತಿ; ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಉಪವಾಸದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ. ಅಂದು ಅಕ್ಕ ಆ ಕಾಳುಗಳನ್ನು ನನ್ನ ಕೈಯಿಂದ ಹಾಕಿಸಿದಳು. ಮನೆಗೆ ಬಂದು ಆ ಕಥೆಯನ್ನು ಹಾಗೇ ಬರೆದಿಟ್ಟೆ. ನಾನು ಬರೆದ ಮೊದಲ ಕಥೆ ಅದೇ. ಆಮೇಲೆ ಬರೆದದ್ದನ್ನೆಲ್ಲ ಅವಳಿಗೇ ಮೊದಲು ಓದಿ ಹೇಳಿದೆ. ಎಷ್ಟು ಸಲ ಬಿಚ್ಚಿಸಿದಳೋ ಲೆಕ್ಕವಿಲ್ಲ.

ಮೊಬೈಲು ಬಂದು ಬೂತು ಮುಚ್ಚಿತು. ಅಕ್ಕನ ಕಣ್ಣು ಮಬ್ಬಾಗಿ ಓದು ನಿಂತಿತು. ಆಗ ಬಂತು ಮೂರನೆಯ ಭಾಗ. ನನ್ನ ಬೂತಿನಿಂದ ಫೋನ್ ಮಾಡುತ್ತಿದ್ದ ಟಿಬೆಟನ್ ಸನ್ಯಾಸಿಯೊಬ್ಬರು ಹೊರದೇಶಕ್ಕೆ ಹೋಗಿದ್ದವರು, ನಾನು ಹಿಂದೆ ಕೇಳಿದ್ದನ್ನು ಮರೆಯದೆ ಹುಡುಕಿ ತಂದುಕೊಟ್ಟರು. ಭಾನುವಾರ ಭಾನುವಾರ ಹೋಗಿ ಅಕ್ಕನಿಗೆ ಓದಿ ಹೇಳಿದೆ. ನಾನು ತಡವರಿಸಿದಲ್ಲಿ ಅಕ್ಕನೇ ಅರ್ಥ ಹೇಳುತ್ತಿದ್ದಳು. ಕೊನೆಯ ಪುಟಕ್ಕೆ ಬಂದೆವು. ಆ ಹೆಣ್ಣು ಬದುಕಿದ್ದಳು. ಶಕ್ತಿ ಇಮ್ಮಡಿಯಾಗಿತ್ತು. ಎತ್ತರದ ಗೋಪುರದ ತುದಿಯಲ್ಲಿ ಒಬ್ಬಳೇ ನಿಂತು ಶಹರ ನೋಡುತ್ತಿದ್ದಳು.

ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. “ಬದುಕಿದಳಲ್ಲ. ಅಷ್ಟ ಸಾಕು.” ಮರುಕ್ಷಣವೇ ಮುಖ ಸಿಂಡರಿಸಿದಳು. “ಆದರ ಬರದಾಕಿ ಈಕೀನ ಒಬ್ಬಾಕೀನ ನಿಂದರಿಸಿಬಿಟ್ಟಾಳ ನೋಡು. ಒಂದು ಬಸ್ ಜನರನ್ನ ಉಳಿಸಿದಾಕಿ, ಗಾಳ್ಯಾಗ ಒಬ್ಬಾಕೀನ. ತಾ ಇಲ್ಲಿ.” ಪುಟದ ಅಂಚನ್ನು ಆ ಗಟ್ಟಿ ಬೆರಳಿನಿಂದ ತಡವಿ ಹುಡುಕಿದಳು. ಸೂಜಿ ಪೋಣಿಸಿದ್ದು ನಾನು, ಹೊಲಿಗೆ ಹಾಕಿದ್ದು ಅವಳು. “ನಮ್ಮದ ಚೊಲೋ ಇತ್ತು. ಪಾಪ, ಬರದಾಕಿಗೆ ಬಿಚ್ಚು ಅನ್ನಾವರು ಯಾರೂ ಇರಲಿಲ್ಲ ಕಾಣತೈತಿ.”

ಮುಂದಿನ ಮಳೆಗಾಲಕ್ಕೆ ಮುಂಚೆ ಅಕ್ಕ ತೀರಿಹೋದಳು. ಆ ದಿನ ಮುಂಡಗೋಡದಿಂದ, ಕಾಲೊನಿಯಿಂದ, ಹೆಸರೂ ಗೊತ್ತಿಲ್ಲದ ಹಳ್ಳಿಗಳಿಂದ ಜನ ಅವಳ ಮನೆ ಯಾವುದೆಂದು ಕೇಳಿಕೊಂಡು ಬಂದರು. ಅವಳ ಕೌದಿ ಹೊದ್ದವರು, ಅವಳಿಂದ ಪುಸ್ತಕ ಒಯ್ದವರು. ನಾದಿನಿ ಬಾಗಿಲಲ್ಲಿ ನಿಂತು ನೋಡಿ ನನ್ನ ಕಿವಿಯಲ್ಲಿ ಹೇಳಿದಳು: “ಹುಡಿಕ್ಕೋತ ಬಂದ್ರು ನೋಡು, ತಮ್ಮಾ.”

ಆ ಮೂರನೆಯ ಭಾಗ ಈಗ ನನ್ನ ಮೇಜಿನ ಮೇಲಿದೆ. ಕೊನೆಯ ಪುಟದ ಕೆಂಪು ದಾರ ಇನ್ನೂ ಮಾಸಿಲ್ಲ. ಒಂದು ಕಥೆ ಮುಗಿಸಿದಾಗಲೆಲ್ಲ ಅದನ್ನೊಮ್ಮೆ ಮುಟ್ಟುತ್ತೇನೆ, ನನ್ನ ಬರಹದೊಳಗಿನ ಜನ ಉಂಡರೋ ಇಲ್ಲವೋ ನೋಡುತ್ತೇನೆ, ಮತ್ತೆ ಬಿಚ್ಚಲು ಕೂರುತ್ತೇನೆ. ನನಗೆ ಬಿಚ್ಚು ಅನ್ನುವವಳು ಇದ್ದಳು.