ಐದನೇ ಫೌಲು

ಗುಂಡ್ಲುಪೇಟೆಗೆ ಸೈಬರ್ ಸೆಂಟರ್‌ಗಳು ಬಂದ ಹೊಸತರಲ್ಲಿ ನಾನೊಂದು ಆಟಕ್ಕೆ ಬಿದ್ದೆ. ಬ್ಯಾಸ್ಕೆಟ್‌ಬಾಲ್ ಆಟ, ಆದರೆ ಚೆಂಡು ಮುಟ್ಟುವ ಹಾಗಿಲ್ಲ, ಓಡುವ ಹಾಗಿಲ್ಲ. ನಾವು ತಂಡದ ಯಜಮಾನರು. ಯಾರನ್ನು ಆಡಿಸಬೇಕು, ಯಾರಿಗೆ ತಾಲೀಮು ಕೊಡಬೇಕು ಅಂತ ಕಂಪ್ಯೂಟರಿನಲ್ಲಿ ಗುರುತು ಹಾಕಿ ಬಂದರೆ ಸಾಕು. ಶನಿವಾರ ಸಾಯಂಕಾಲ ಎಲ್ಲೋ ದೂರದ ಯಂತ್ರವೊಂದು ಪಂದ್ಯ ನಡೆಸಿ, ಯಾರು ಗುರಿ ಹೊಡೆದರು, ಯಾರು ಯಾರನ್ನು ತಳ್ಳಿದರು ಅಂತ ಸಾಲು ಸಾಲಾಗಿ ವರದಿ ಒಪ್ಪಿಸುತ್ತಿತ್ತು. ಓದಿದ ಗಂಡಸರು ಇದಕ್ಕೆ ಕಾದು ಕೂರುತ್ತಿದ್ದೆವು ಅಂದರೆ ಈಗ ನನಗೇ ನಗು ಬರುತ್ತದೆ.

ಈ ಹುಚ್ಚು ಹತ್ತಿಸಿದವನು ಭಾವ. ಸೋದರತ್ತೆಯ ಮಗ, ಆಮೇಲೆ ನನ್ನ ತಂಗಿಯ ಗಂಡ. ಊರು ಹರದನಹಳ್ಳಿ, ಕೆಲಸ ಚಾಮರಾಜನಗರದ ಒಂದು ಕಚೇರಿಯಲ್ಲಿ. ಕಾಲೇಜಿನ ಮಣ್ಣಿನ ಅಂಕಣದಲ್ಲಿ ನಾವಿಬ್ಬರೂ ನಿಜವಾದ ಚೆಂಡು ಹಿಡಿದವರೇ. ಅವನು ಆರಡಿ ಮೇಲೆ, ನಾನು ಅವನ ಕಂಕುಳಿಗೆ ಬರುತ್ತಿದ್ದೆ. "ಚೆಂಡು ನಂಗೆ ಕೊಟ್ಬುಟ್ಟು ನೀನು ನೀರು ಕುಡಿಯೋಗ್ಲಾ ಬಾಮೈದ" ಅಂತ ಎಲ್ಲರ ಮುಂದೆ ರೇಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು.

ಆಟದಲ್ಲಿ ಪ್ರತಿ ಆಟಗಾರನ ಎತ್ತರ, ಜಿಗಿತ, ಗುರಿ ಎಲ್ಲಕ್ಕೂ ಅಂಕಿ ತೋರಿಸುತ್ತಿದ್ದರು. ತೋರಿಸದೆ ಇಟ್ಟಿದ್ದು ಸ್ವಭಾವ. ಅದಕ್ಕೂ ಒಳಗೆ ಎಲ್ಲೋ ಅಂಕಿ ಇರುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ, ತಾಲೀಮು ಕೊಟ್ಟರೆ ಬದಲಾಗುತ್ತಲೂ ಇರಲಿಲ್ಲ. ಕೆಲವು ಆಟಗಾರರು ನೋಡುವುದಕ್ಕೆ ಬಂಗಾರ, ಆಡಲು ಇಳಿದರೆ ಬರೀ ಫೌಲು. ಐದು ಫೌಲಾದರೆ ಆಚೆ. ಹಳೆಯ ಪಂದ್ಯಗಳ ವರದಿಯನ್ನೆಲ್ಲ ಕೂತು ಓದಿದರೆ ಮಾತ್ರ ಇಂಥವರು ಸಿಕ್ಕಿಬೀಳುತ್ತಿದ್ದರು. ನಾನು ಓದುತ್ತಿದ್ದೆ. ಭಾವನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ನನ್ನ ತಂಡದಲ್ಲಿ ಒಬ್ಬ ಏಳಡಿ ಆಳಿದ್ದ. ಅಂಕಿ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಆದರೆ ಒಂದು ಪಂದ್ಯವನ್ನೂ ಕೊನೆತನಕ ಆಡಿದವನಲ್ಲ. ಉದ್ದದವನಿಗೆ ಉದ್ದದವರೇ ಇಷ್ಟ, ಭಾವ ಅವನ ಮೇಲೆ ಕಣ್ಣು ಹಾಕಿದ. ತನ್ನ ಕುಳ್ಳ, ಚುರುಕು ಹುಡುಗನನ್ನು ಕೊಟ್ಟು ಅದಲುಬದಲು ಮಾಡಿಕೊಳ್ಳುತ್ತೀನಿ ಅಂದ. ನಾನು ಫೌಲಿನ ಮಾತೆತ್ತದೆ ಒಪ್ಪಿಕೊಂಡೆ.

ನಮ್ಮ ಕಡೆ ನೆಂಟರ ನಡುವೆ ಎತ್ತು ಅದಲುಬದಲಾದರೆ ಒಂದು ಕಟ್ಟುಪಾಡಿದೆ. ಎತ್ತಿಗೆ ಹಾಯುವ ಚಾಳಿಯಿದ್ದರೆ, ನೇಗಿಲು ಕಟ್ಟಿದಾಗ ಮಲಗಿಬಿಡುವ ಚಾಳಿಯಿದ್ದರೆ, ಕೊಡುವವನೇ ಮೊದಲು ಬಾಯಿಬಿಟ್ಟು ಹೇಳಬೇಕು. ತೆಗೆದುಕೊಳ್ಳುವವನು ಕೇಳಬಾರದು. ಕೇಳಿದರೆ ನಿನ್ನನ್ನು ನಂಬಲಿಲ್ಲ ಅಂದ ಹಾಗೆ. ನಮ್ಮೂರು ಹಂಗಳದಲ್ಲಿ ನಮ್ಮಪ್ಪ ಹೀಗೆ ಚಾಳಿ ಹೇಳಿಯೇ ಎತ್ತು ಕೊಟ್ಟಿದ್ದನ್ನು ಕಣ್ಣಾರೆ ನೋಡಿ ಬೆಳೆದವನು ನಾನು. ಇದು ಎತ್ತಲ್ಲವಲ್ಲ, ಆಟ ತಾನೇ, ಒಂದು ವಾರ ಒದ್ದಾಡಲಿ, ಆಮೇಲೆ ಹೇಳಿ ನಗೋಣ ಅಂದುಕೊಂಡೆ.

ಒಂದು ವಾರ ಹೋಗಿ ನಾಲ್ಕಾಯಿತು. ಅಷ್ಟರಲ್ಲಿ ಭಾವನ ಕಾಲು ಊದಿಕೊಂಡವು. ಮೈಸೂರಿಗೆ ಕರೆದುಕೊಂಡು ಹೋದರೆ ಎರಡು ಕಿಡ್ನಿಯೂ ಹೋಗಿವೆ ಅಂದರು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಿಕ್ಕ ದಿನ ಹರದನಹಳ್ಳಿಯ ಮನೆಯಲ್ಲಿ ಗೋಡೆಗೆ ಒರಗಿಕೊಂಡು ಕೂತಿರುತ್ತಿದ್ದ. ಆ ಎತ್ತರದ ಆಳು ಮಡಿಸಿಟ್ಟ ಕಂಬಳಿಯ ಹಾಗೆ ಆಗಿಬಿಟ್ಟ.

ಆಟ ಮಾತ್ರ ಬಿಡಲಿಲ್ಲ. ಯಾರು ಆಡಬೇಕು, ಯಾರಿಗೆ ತಾಲೀಮು ಅನ್ನುವುದನ್ನು ಅವನು ಚೀಟಿಯಲ್ಲಿ ಬರೆದುಕೊಡುತ್ತಿದ್ದ. ತಂಗಿ ಬಸ್ಸು ಹತ್ತಿ ಚಾಮರಾಜನಗರದ ಸೈಬರ್ ಸೆಂಟರಿಗೆ ಹೋಗಿ ಹಾಗೆಯೇ ಗುರುತು ಹಾಕಿ, ಶನಿವಾರ ವರದಿಯನ್ನು ಅದೇ ಚೀಟಿಯ ಹಿಂದೆ ಬರೆದುಕೊಂಡು ಬರುತ್ತಿದ್ದಳು. ಅವಳಿಗೆ ಬ್ಯಾಸ್ಕೆಟ್‌ಬಾಲಿನ ತಲೆಬುಡ ಗೊತ್ತಿರಲಿಲ್ಲ. ಗಂಡ ವಾರದಲ್ಲಿ ಒಂದು ದಿನವಾದರೂ ಎದ್ದು ಕೂತು ಮಾತಾಡುತ್ತಾನಲ್ಲ ಅನ್ನುವುದಷ್ಟೇ ಗೊತ್ತಿತ್ತು.

ಕಾಯಿಲೆಯವನಿಗೆ ನಿನಗೆ ಮೋಸ ಮಾಡಿದೆ ಅಂತ ಹೇಗೆ ಹೇಳುವುದು? ಇದು ನಾನು ಹೂಡಿಕೊಂಡ ನೆಪ. ನಿಜವಾಗಿ, ಅವನ ಕಣ್ಣಲ್ಲಿ ಸಣ್ಣವನಾಗುತ್ತೀನಿ ಅನ್ನುವ ಭಯ. ನಾನು ನೋಡಲು ಹೋದಾಗಲೆಲ್ಲ ಅವನ ಪಕ್ಕದಲ್ಲೇ ತಂಗಿಯೂ ಕೂತಿರುತ್ತಿದ್ದಳು.

ಉದ್ದನೆಯವನು ಆಚೆ ಹೋಗುತ್ತಿದ್ದರೂ ಆ ಸಲದ ಪಂದ್ಯಗಳಲ್ಲಿ ಅವನ ತಂಡ ಚೆನ್ನಾಗಿ ಗೆದ್ದುಕೊಂಡು ಬಂತು. ಇನ್ನೊಂದೇ ಪಂದ್ಯ ಗೆದ್ದರೆ ಮೇಲಿನ ದರ್ಜೆಗೆ ಹೋಗುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ ಫೋನ್ ಮಾಡಿದ. ದನಿ ಸೋತಿತ್ತು.

"ಬಾಮೈದ, ಒಂದು ಮಾತು ಕೇಳ್ತಿನಿ, ತಪ್ಪು ತಿಳ್ಕಬ್ಯಾಡ. ಆ ಉದ್ದನೇವ್ನು ನಿನ್ ತಾವ ಇದ್ದಾಗ್ಲೂ ಇಂಗೇ ಫೌಲ್ ಮಾಡ್ತಿದ್ನಾ? ನಾಳೆ ಆಡುಸ್ಲಾ, ಕೂರುಸ್ಲಾ?"

ಕೇಳಬಾರದ್ದನ್ನು ಎಷ್ಟು ಸಂಕೋಚದಿಂದ ಕೇಳಿದ್ದ. ಹೌದು ಭಾವ, ಕೂರಿಸು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಗಳಿಗೆಯಲ್ಲಿ ನಾನು ಅವನ ಪಂದ್ಯ ನೋಡಲಿಲ್ಲ, ನನ್ನ ಹೆಗಲು ನೋಡಿಕೊಂಡೆ.

"ಇಲ್ಲ ಭಾವ, ನನ್ ತಾವ ಸರ್ಯಾಗೇ ಆಡ್ತಿದ್ದ. ಆಡ್ಸು, ಏನೂ ಆಗಲ್ಲ."

"ನೀನೇ ಅಂದ್ ಮೇಲೆ ಆಯ್ತು ಬುಡು" ಅಂದು ಫೋನಿಟ್ಟ.

ಶನಿವಾರ ಗುಂಡ್ಲುಪೇಟೆಯಲ್ಲಿ ಕೂತು ಅವನ ಪಂದ್ಯದ ವರದಿ ಓದಿದೆ. ಶುರುವಿನಲ್ಲೇ ಎರಡು ಫೌಲು. ವಿರಾಮಕ್ಕೆ ಮೊದಲು ಇನ್ನೊಂದು. ಮೂರನೇ ಭಾಗದಲ್ಲಿ ನಾಲ್ಕನೆಯದೂ ಐದನೆಯದೂ ಆಗಿ ಉದ್ದನೆಯವನು ಆಚೆ ಹೋದ, ಅಲ್ಲಿಂದ ತಂಡ ಕುಸಿಯಿತು. ಇದೇ ವರದಿಯನ್ನು ಚಾಮರಾಜನಗರದಲ್ಲಿ ತಂಗಿ ಚೀಟಿಯ ಹಿಂದೆ ಬರೆದುಕೊಳ್ಳುತ್ತಿದ್ದಾಳೆ ಅನ್ನಿಸಿ, ಕೊನೆಯ ಸಾಲುಗಳನ್ನು ಓದದೆ ಎದ್ದುಬಂದೆ. ಆ ವಾರ ನಾನು ಹರದನಹಳ್ಳಿಗೆ ಹೋಗಲಿಲ್ಲ, ಕೆಲಸ ಇದೆ ಅಂದೆ. ಮುಂದಿನ ವಾರವೂ ಹೋಗಲಿಲ್ಲ. ಅದರ ಮುಂದಿನ ವಾರ ಭಾವ ತೀರಿಕೊಂಡ.

ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ತಂಗಿ ಬಂದು ಜಗುಲಿಯ ಮೇಲೆ ನನ್ನ ಪಕ್ಕ ಕೂತಳು.

"ಅವತ್ತು ಸೋತ್ರಲ್ಲ, ಅವ್ರು ಏನಂದ್ರು ಗೊತ್ತಾ ಅಣ್ಣ? ನಿಮ್ಮಣ್ಣ ಒಳ್ಳೆ ಹುಡುಗನ್ನೇ ಕೊಟ್ಟಿದ್ದ, ನಾನೇ ಕಾಯ್ಲೆ ಬಿದ್ದು ಸರ್ಯಾಗಿ ಪಳಗಿಸ್ಕಳ್ನಿಲ್ಲ ಅಂದ್ರು. ನಿನ್ ಮುಂದೆ ತಲೆ ಎತ್ತೋದ್ ಎಂಗೆ ಅಂತ ಬೇಜಾರು ಮಾಡ್ಕಂಡಿದ್ರು."

ಆಮೇಲೆ ಚೀಟಿಗಳನ್ನು ತಂದು ತೋರಿಸಿದಳು. ಕಾಯಿಲೆ ಬಿದ್ದ ದಿನದಿಂದ ಒಂದು ವಾರವೂ ತಪ್ಪದೆ ತಾಲೀಮೆಲ್ಲ ಆ ಉದ್ದನೆಯವನಿಗೇ. ಅಕ್ಷರ ಬರುಬರುತ್ತ ನಡುಗಿದ್ದವು. ಎಷ್ಟು ತಾಲೀಮು ಕೊಟ್ಟರೂ ತಿದ್ದಲಾಗದ್ದನ್ನು ತಿದ್ದಲು ಅವನು ಇದ್ದಬದ್ದ ದಿನಗಳನ್ನು ಕಳೆದಿದ್ದ, ತಪ್ಪು ತನ್ನದೇ ಅಂದುಕೊಂಡು ಹೋದ. ನಾನು ಅತ್ತುಬಿಟ್ಟೆ. ಭಾವನಿಗಾಗಿ ಅಳುತ್ತಿದ್ದಾನೆ ಅಂದುಕೊಂಡು ತಂಗಿಯೇ ನನ್ನ ಬೆನ್ನು ಸವರಿದಳು. ಆಗಲೂ ನನ್ನ ಬಾಯಿ ಬಿಚ್ಚಲಿಲ್ಲ. ಈ ಬಾಯಿಗಿಷ್ಟು ಬೆಂಕಿ ಹಾಕ.

ಕೆಲವು ವಾರ ಯಾರೂ ತೆರೆಯದಿದ್ದರೆ ಆಟದವರು ತಂಡವನ್ನು ಅಳಿಸಿಹಾಕುತ್ತಿದ್ದರು. ಹಾಗೆ ಅಳಿದು ಹೋಗಲಿ ಅಂತ ನಾನು ಒಳಗೊಳಗೇ ಕಾದೆ. ತಂಗಿ ಬಿಡಲಿಲ್ಲ. ಚಾಮರಾಜನಗರಕ್ಕೆ ಹೋದಾಗಲೆಲ್ಲ ತೆರೆದು ಗುರುತು ಹಾಕಿ ಬರುತ್ತಿದ್ದಳು. ವರ್ಷ ಕಳೆದ ಮೇಲೆ ಒಂದು ಶನಿವಾರ ಅಲ್ಲಿಂದಲೇ ಫೋನ್ ಮಾಡಿದಳು.

"ಅಣ್ಣ, ಆ ಉದ್ದನೇವ್ನು ಇವತ್ತೂ ಐದು ಫೌಲ್ ಮಾಡ್ಕಂಡು ಆಚೆ ಬಂದ. ತೆಗ್ದಾಕ್ಬುಡನಾ ಅಂದ್ರೆ, ಅವ್ರು ಅಷ್ಟ್ ಆಸೆ ಇಟ್ಕಂಡಿದ್ರು, ಮನ್ಸು ಬರಲ್ಲ. ನಿಂಗೆ ಗೊತ್ತಲ್ಲ, ನೀನೇ ಒಂದ್ ಮಾತು ಯೋಳು. ಇವ್ನು ಯಾವತ್ತಾದ್ರೂ ಕಲೀತಾನಾ?"



"ಕಲೀತಾನೆ ಕಣಮ್ಮಿ" ಅಂದೆ.

"ಅಂಗಾದ್ರೆ ಈ ವಾರದ ತಾಲೀಮೂ ಅವ್ನಿಗೇ ಹಾಕ್ತಿನಿ" ಅಂದಳು.