ಎಸ್ತೆರ್ ಲಸ್ರಾದೊ ಆರಿಸಿದ ಓಬೋ

ಮಂಗಳೂರಿನಲ್ಲಿ ಪಿಟೀಲು ನುಡಿಸುವವರಿಗೆ, ಕಹಳೆ ಊದುವವರಿಗೆ, ಇಗರ್ಜಿಯ ಗಾಯನ ವೃಂದದಲ್ಲಿ ನಾಲ್ಕು ಧ್ವನಿಗಳಲ್ಲಿ ಹಾಡುವವರಿಗೆ ಎಂದೂ ಬರವಿರಲಿಲ್ಲ. ಓಬೋ ಎಂಬ ಮರದ ಊದುವಾದ್ಯ ನುಡಿಸುವವರಿಗೆ ಮಾತ್ರ ಬರವಿತ್ತು. ಆ ಬರವನ್ನು ಮೂರು ದಶಕಗಳ ಕಾಲ ಒಬ್ಬರೇ ನಿಂತು ನೀಗಿಸಿದವರು ಶ್ರೀಮತಿ ಎಸ್ತೆರ್ ಲಸ್ರಾದೊ. ಬಲ್ಮಠದ ಸಂಗೀತ ಶಾಲೆಯ ಸುಷಿರ ವಾದ್ಯ ವಿಭಾಗದಿಂದ ಬರುವ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರು ಈ ಊರಿನ ಅತ್ಯುತ್ತಮ ಓಬೋ ವಾದಕಿ ಎಂದರೆ ಅದೇನೂ ದೊಡ್ಡ ಹೊಗಳಿಕೆಯಾಗದು. ಬಹಳ ವರ್ಷ ಇಲ್ಲಿ ಅವರೊಬ್ಬರೇ ಇದ್ದರು. ಅವರನ್ನು ಗೌರವಿಸಲು ಬೇರೆಯದೇ ಕಾರಣವಿದೆ. ಅದನ್ನು ಹತ್ತಿರದಿಂದ ಕಂಡವಳು ಅವರ ಶಿಷ್ಯೆ, ಇಂದು ಅದೇ ಶಾಲೆಯ ವಾದ್ಯವೃಂದದಲ್ಲಿ ಮೊದಲ ಓಬೋ ನುಡಿಸುವ ಮನ್ವಿತಾ.

ಎಸ್ತೆರ್ ಅವರಿಗೆ ಓಬೋ ಬಂದದ್ದು ಚಿಕ್ಕಪ್ಪ ಪೌಲ್ ಅವರಿಂದ. ಸೇನೆಯ ಬ್ಯಾಂಡಿನಲ್ಲಿ ಊದಿ, ಪಿಂಚಣಿ ಪಡೆದು ಮಣ್ಣಗುಡ್ಡಕ್ಕೆ ಮರಳಿದ ಪೌಲ್ ತಂದದ್ದು ಬ್ರಿಟಿಷರ ಕಾಲದ ಕ್ರಮದಲ್ಲಿ ಕಟ್ಟಿದ ಓಬೋ. ಅದರ ಹಿಂಬದಿಯಲ್ಲಿ ಎಡಗೈ ಹೆಬ್ಬೆರಳಿಗೆಂದೇ ಒಂದು ಲೋಹದ ಪಟ್ಟಿಯಿರುತ್ತದೆ. ಬೆರಳನ್ನು ಪಟ್ಟಿಯಿಂದ ಎತ್ತಿದರೆ ಎರಡು ಮುಖ್ಯ ಸ್ವರಗಳು ಸಲೀಸಾಗಿ ಹೊರಡುತ್ತವೆ. ಜಗತ್ತಿನ ಹೆಚ್ಚಿನ ವಾದಕರು ಬಳಸುವ ಫ್ರೆಂಚ್ ಪದ್ಧತಿಯ ಓಬೋದಲ್ಲಿ ಈ ಪಟ್ಟಿಯಿಲ್ಲ; ಅವೇ ಸ್ವರಗಳಿಗೆ ಬಲಗೈ ತೋರುಬೆರಳನ್ನು ಇಳಿಸಬೇಕು. ಕೇಳಲು ಇಷ್ಟೇ. ಆದರೆ ಬಾಲ್ಯದಿಂದ ಒಂದನ್ನು ಕಲಿತ ಕೈಗೆ ಇನ್ನೊಂದನ್ನು ಒಪ್ಪಿಸುವುದು, ಬಲಗೈಯಲ್ಲಿ ಬರೆಯುವವರು ಎಡಗೈಗೆ ಲೇಖನಿ ಕೊಟ್ಟಂತೆ. ಪೌಲ್ ಕಲಿಸಿದ್ದು ಹೆಬ್ಬೆರಳ ಪದ್ಧತಿ. ಎಸ್ತೆರ್ ಕಲಿತದ್ದೂ, ತಮ್ಮ ಎಲ್ಲ ಶಿಷ್ಯರಿಗೆ ಕಲಿಸಿದ್ದೂ ಅದನ್ನೇ.

ಮನ್ವಿತಾ ಕಾವೂರಿನ ಬಂಟರ ಮನೆಯ ಹುಡುಗಿ. ಹೈಸ್ಕೂಲಿನಲ್ಲಿದ್ದಾಗ ಶಾಲೆಯ ಓಬೋವನ್ನು ಮೊದಲ ಸಲ ಮನೆಗೆ ತಂದ ದಿನ ಅಜ್ಜಿ ಸ್ವರ್ಣಲತಾ ಅದನ್ನು ತಿರುವಿ ಮುರುವಿ ನೋಡಿ, "ಇದೆಂತ ಮಾರಾಯ್ತಿ, ನಾಗಸ್ವರಕ್ಕೆ ಕೋಟು ಪ್ಯಾಂಟು ಹಾಕಿದ ಹಾಗೆ ಉಂಟಲ್ಲ!" ಎಂದಿದ್ದರು. ಅಜ್ಜಿಯ ಮಾತು ತೀರಾ ತಪ್ಪೇನಲ್ಲ. ಓಬೋ ಕೂಡ ಜೊಂಡಿನ ಎರಡು ತೆಳು ಸೀಳುಗಳ ನಡುವೆ ಉಸಿರನ್ನು ಹಿಂಡಿ ನುಡಿಯುವ ವಾದ್ಯ. ಆ ಸೀಳುಗಳ ರೀಡನ್ನು ಎಸ್ತೆರ್ ತಮ್ಮ ಮನೆಯ ಊಟದ ಮೇಜಿನ ಮೇಲೆ ಕೆತ್ತುತ್ತಿದ್ದರು. ಮಳೆಗಾಲದಲ್ಲಿ ಹತ್ತು ಕೆತ್ತಿದರೆ ಒಂದು ನುಡಿಯುತ್ತಿತ್ತು. ಮನ್ವಿತಾಳ ಮೊದಲ ಪರೀಕ್ಷೆಯ ಬೆಳಿಗ್ಗೆ ಅವಳ ರೀಡು ಬಾಯಿ ಮುಚ್ಚಿಕೊಂಡಾಗ, ಆ ಸಂಜೆಯ ಕಾರ್ಯಕ್ರಮಕ್ಕೆಂದು ತಾವು ಇಟ್ಟುಕೊಂಡಿದ್ದ ಒಂದೇ ಒಳ್ಳೆಯ ರೀಡನ್ನು ಅವರು ತೆಗೆದುಕೊಟ್ಟರು. ಸಂಜೆ ಅವರ ಮೇಲಿನ ಸ್ವರಗಳು ಕೀರಿದವು. ಅದರ ಬಗ್ಗೆ ಅವರು ಅಂದೂ ಮಾತಾಡಲಿಲ್ಲ, ಮುಂದೂ ಮಾತಾಡಲಿಲ್ಲ.

ಕಳೆದ ವರ್ಷದ ಬೇಸಿಗೆಯಲ್ಲಿ ಶಾಲೆಯ ಓಬೋ ಮೇಲಿನ ತುಂಡಿನ ಉದ್ದಕ್ಕೂ ಬಿರಿಯಿತು. ಹೋಟೆಲ್ ಉದ್ಯಮಿ ಸುಂದರ ಅಡ್ಯಂತಾಯರು ಒಂದು ಹೊಸ ಓಬೋವನ್ನೂ ಅದರ ಜೊತೆಗೆ ಒಂದು ಇಂಗ್ಲಿಷ್ ಹಾರ್ನನ್ನೂ ಕೊಡಿಸಲು ಮುಂದೆ ಬಂದರು. ಇಂಗ್ಲಿಷ್ ಹಾರ್ನ್ ಎಂದರೆ ಓಬೋದ ದೊಡ್ಡಕ್ಕ. ಇನ್ನೂ ಉದ್ದ, ಇನ್ನೂ ತಗ್ಗಿನ ದನಿ, ತುದಿಯಲ್ಲಿ ಉಬ್ಬಿದ ಗಂಟೆ, ಬಾಯಿಗೆ ಬಾಗಿದ ಲೋಹದ ಕೊಳವೆ. ಒಬ್ಬರೇ ವಾದಕರು ಒಂದೇ ಸಂಜೆಯಲ್ಲಿ ಒಂದನ್ನಿಟ್ಟು ಇನ್ನೊಂದನ್ನು ಎತ್ತಿಕೊಳ್ಳಬೇಕಾಗುವುದರಿಂದ ಎರಡರ ಬೆರಳು ಕ್ರಮವೂ ಒಂದೇ ಆಗಿರಬೇಕು. ಮುಂಬೈಯ ವ್ಯಾಪಾರಿ ಮೂರು ಓಬೋಗಳನ್ನೂ ಎರಡು ಹಾರ್ನ್‌ಗಳನ್ನೂ ಪರೀಕ್ಷೆಗೆಂದು ಕಳುಹಿಸಿದರು. ಮೊದಲ ಓಬೋ ಹೆಬ್ಬೆರಳ ಪದ್ಧತಿಯದು, ಎರಡನೆಯದು ಫ್ರೆಂಚ್, ಮೂರನೆಯದರಲ್ಲಿ ಎರಡೂ ಪದ್ಧತಿಗಳಿದ್ದವು. ವಾರದೊಳಗೆ ಆರಿಸಿ ಉಳಿದವನ್ನು ಹಿಂದಿರುಗಿಸಬೇಕಿತ್ತು. ಇಂಥ ವಾದ್ಯ ಈ ಶಾಲೆಗೆ ಒಂದು ತಲೆಮಾರಿಗೆ ಒಮ್ಮೆ ಬರುವುದು. ಇಲ್ಲಿ ಮುಂದೆ ಕಲಿಯುವವರ ಕೈಗಳೆಲ್ಲ ಆರಿಸಿದ್ದಕ್ಕೇ ಒಗ್ಗಬೇಕಿತ್ತು.

ಆರಿಸುವ ಕೆಲಸವನ್ನು ಎಸ್ತೆರ್ ನಡೆಸಿದ ರೀತಿಯನ್ನು ನೋಡಿದ ಮೇಲೆ ಮನ್ವಿತಾಳಿಗೆ, ತಾನು ಅಷ್ಟು ವರ್ಷ ಕೇಳಿದ್ದು ಬರೀ ಮೇಲುಮೇಲಿನದು ಎನಿಸಿತು. ಮೊದಲು ಅವರು ಸಭಾಂಗಣದ ಏಸಿ ನಿಲ್ಲಿಸಿದರು. ತಣ್ಣನೆಯ ಹೊಸ ಮರದೊಳಗೆ ಬಿಸಿ ಉಸಿರು ಹೊಕ್ಕರೆ ಬಿರಿಯುವ ಭಯ. ಅಡ್ಯಂತಾಯರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಟೀಚರ್, ಮರಕ್ಕೆ ಎಂತದೂ ಆಗ್ಲಿಕ್ಕಿಲ್ಲ, ನಾನು ಮಾತ್ರ ಕರಗಿ ಹೋಗ್ತೇನೆ," ಎಂದರು. ಎಸ್ತೆರ್ ನಗಲಿಲ್ಲ. ಎಲ್ಲ ಓಬೋಗಳಿಗೂ ಒಂದೇ ರೀಡು ಹಾಕಿಸಿದರು, ವ್ಯತ್ಯಾಸ ಕೇಳಿದರೆ ಅದು ವಾದ್ಯದ್ದೇ ಆಗಿರಬೇಕೆಂದು. ಅತಿ ತಗ್ಗಿನ ಸ್ವರವನ್ನು ಅತಿ ಮೆಲ್ಲಗೆ ಆರಂಭಿಸಲು ಮನ್ವಿತಾಳಿಗೆ ಹೇಳಿದರು. ಅಲ್ಲಿ ದನಿ ತಡವರಿಸದೆ ಹುಟ್ಟಿದರೆ ಮಾತ್ರ ಮುಂದಿನ ಸ್ವರ. ಊದದೆ ಬರೀ ಕೀಗಳನ್ನು ಒತ್ತಿಸಿ, ಕಿವಿಯಿಟ್ಟು, ಯಾವುದು ಕಟಕಟ ಎನ್ನುತ್ತದೆಂದು ಕೇಳಿದರು. ಒಂದೊಂದನ್ನೂ ಸ್ವಲ್ಪವೇ ಊದಿಸಿ ರೇಷ್ಮೆ ಬಟ್ಟೆಯಿಂದ ಒಳಗೆ ಒರೆಸಿ ಪಕ್ಕಕ್ಕಿಡುತ್ತಿದ್ದರು. ಮನ್ವಿತಾ ಒಂದು ಹಾಡು ನುಡಿಸಿ ನೋಡಲೇ ಎಂದು ಕೇಳಿದಾಗ, "ಹಾಡು ಕೊನೆಗೆ. ಹಾಡು ಚಂದ ಇದ್ದರೆ ವಾದ್ಯದ ಹುಳುಕೆಲ್ಲ ಮುಚ್ಚಿ ಹೋಗ್ತದೆ," ಎಂದರು.

ಕೊನೆಗೆ ಹಾಡೂ ಆಯಿತು. ಮನ್ವಿತಾ ಹಿಂದೆ ಮುಂದೆ ನೋಡದೆ ಮೊದಲನೆಯದನ್ನು ಎತ್ತಿ ಹಿಡಿದಳು. "ಇದೇ ಟೀಚರ್. ಇದರ ದನಿ ಜೇನಿನ ಹಾಗೆ ಉಂಟು."

"ದನಿಯಾ, ಬೆರಳಾ?" ಎಂದರು ಎಸ್ತೆರ್.

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಎಸ್ತೆರ್ ಅವಳನ್ನು ಸಭಾಂಗಣದ ಕೊನೆಯ ಸಾಲಿಗೆ ಕಳುಹಿಸಿ ಗೋಡೆಗೆ ಮುಖ ಮಾಡಿ ಕೂರಿಸಿದರು. ತಾವೇ ವೇದಿಕೆಯ ಮೇಲೆ ನಿಂತು, ಎರಡೂ ಪದ್ಧತಿಗಳಲ್ಲಿ ಬೆರಳು ಒಂದೇ ಆಗಿರುವ ಕೆಲವೇ ಸ್ವರಗಳನ್ನು, ಒಂದೊಂದು ಓಬೋದಲ್ಲಿ ಉದ್ದಕ್ಕೆ ಎಳೆದು ನುಡಿಸಿದರು. ಕ್ರಮ ಬದಲಿಸಿ ಮತ್ತೆ ನುಡಿಸಿದರು. ಇಷ್ಟವಾದಾಗ ಕೈ ಎತ್ತಬೇಕೆಂದು ಹೇಳಿದ್ದರು. ಮನ್ವಿತಾ ಗೋಡೆಯನ್ನು ನೋಡುತ್ತ ಕೈ ಎತ್ತಿದಾಗಲೆಲ್ಲ ವೇದಿಕೆಯ ಮೇಲೆ ಇದ್ದದ್ದು ಫ್ರೆಂಚ್ ಓಬೋ. ತಿರುಗಿ ನೋಡಿದಾಗ ಅವಳ ಮುಖ ಬಿಸಿಯಾಯಿತು. ಜೇನು ಎಂದು ಅವಳು ಹೇಳಿದ್ದು ಪರಿಚಿತ ಪಟ್ಟಿಯ ಮೇಲೆ ಕೂತ ಹೆಬ್ಬೆರಳಿನ ನೆಮ್ಮದಿಯನ್ನು. ಒಂದೇ ಪದ್ಧತಿಯನ್ನು ಕಂಡು ಬೆಳೆದ ಈ ಊರಿನ ಓಬೋ ವಾದಕರಿಗಲ್ಲದೆ ಬೇರೆ ಯಾರಿಗೂ ಆಗದ ತಪ್ಪು ಅದು.

ಹಾರ್ನ್‌ಗಳ ವಿಷಯದಲ್ಲಿ ಇಷ್ಟು ಹೊತ್ತು ಬೇಕಾಗಲಿಲ್ಲ. ಹೆಬ್ಬೆರಳ ಪಟ್ಟಿಯಿದ್ದ ಹಾರ್ನ್ ತಗ್ಗಿನಲ್ಲಿ ಮಂಕಾಗಿತ್ತು. ಬಾಯಿಯ ಕೊಳವೆಗಳನ್ನು ಅದಲು ಬದಲು ಮಾಡಿದರೂ ಏಳಲಿಲ್ಲ. ಫ್ರೆಂಚ್ ಪದ್ಧತಿಯದು ಮೊದಲ ಉಸಿರಿಗೇ ಸಭಾಂಗಣವನ್ನು ತುಂಬಿತು.

ವಾದ್ಯವೃಂದದ ನಿರ್ದೇಶಕ ಚಾರ್ಲ್ಸ್ ಅವರಿಗೆ ಆಗ ಪರಿಣಾಮ ಹೊಳೆಯಿತು. "ಎಸ್ತೆರ್ ಬಾಯಿ, ಫ್ರೆಂಚ್ ತಗೊಂಡರೆ ನಿಮ್ಮ ಗತಿ ಎಂತ?"

"ಮೂರನೆಯದರಲ್ಲಿ ಎರಡೂ ಉಂಟಲ್ಲ," ಎಂದರು ಅಡ್ಯಂತಾಯರು. "ಅದನ್ನೇ ಇಟ್ಕೊಳ್ಳಿ. ಟೀಚರಿಗೂ ಆಯ್ತು, ಹುಡುಗಿಗೂ ಆಯ್ತು."

"ಎರಡೂ ಇದ್ದರೆ ಬೆರಳು ಗೊತ್ತಿರುವ ಕಡೆಗೇ ಹೋಗ್ತದೆ," ಎಂದರು ಎಸ್ತೆರ್. "ನಾನು ಪಕ್ಕದಲ್ಲಿ ಕೂತು ಹಳೆಯದನ್ನೇ ಕಲಿಸ್ತೇನೆ. ಕಲಿಸುದಿಲ್ಲ ಅಂತ ಹೇಳ್ಲಿಕ್ಕೆ ನನಗೇ ಧೈರ್ಯ ಇಲ್ಲ. ಇವಳು ನಾಳೆ ಬೇರೆ ಊರಲ್ಲಿ ಕೂತರೆ ಅಕ್ಕಪಕ್ಕದವರ ಕೈಯಲ್ಲಿ ಫ್ರೆಂಚೇ ಇರ್ತದೆ. ದನಿಯೂ ಅದರದ್ದೇ ಒಳ್ಳೆಯದು. ಇನ್ನೆಂತ ನೋಡ್ಲಿಕ್ಕೆ ಉಂಟು?"

"ನೀವು ಹೇಗೆ ಕಲಿಸ್ತೀರಿ ಟೀಚರ್?" ಎಂದು ಮನ್ವಿತಾ ಕೇಳಿಯೇಬಿಟ್ಟಳು.

"ಕಲ್ತು ಕಲಿಸ್ತೇನೆ."

"ಈಗಲಾ?"

"ಮತ್ತೆ ಯಾವಾಗ? ಸತ್ತ ಮೇಲಾ ಮಾರಾಯ್ತಿ?"

ನಿವೃತ್ತಿಗೆ ಒಂದು ವರ್ಷ ಉಳಿದಿರುವಾಗ, ಇಡೀ ಜೀವನ ಅನ್ನ ಕೊಟ್ಟ ಕೈಯನ್ನು ಕೆಡವಿ ಹೊಸದಾಗಿ ಕಟ್ಟಲು ಒಬ್ಬ ಹೆಂಗಸು ಹೊರಟದ್ದನ್ನು ಮನ್ವಿತಾ ಅಂದಿನಿಂದ ದಿನವೂ ಕಂಡಳು. ಅದರಲ್ಲಿ ಚಂದದ್ದೇನೂ ಇರಲಿಲ್ಲ. ಜೂನ್ ಪೂರ್ತಿ ಎಸ್ತೆರ್ ಅವರ ಕೊಠಡಿಯಿಂದ ಎಳೆಯ ಮಕ್ಕಳ ಸರಳೆಯಂತಹ ಪಾಠ ಕೇಳಿಸುತ್ತಿತ್ತು, ಅದೂ ತಪ್ಪು ತಪ್ಪಾಗಿ. ಬೇಕಾದ ಸ್ವರ ಬಂದಾಗ ತೋರುಬೆರಳು ಇಳಿಯುವ ಮೊದಲೇ ಹೆಬ್ಬೆರಳು ಎದ್ದಿರುತ್ತಿತ್ತು. ಎತ್ತಲು ಅಲ್ಲಿ ಪಟ್ಟಿಯಿಲ್ಲ, ಸ್ವರ ಬೇರೆಯೇ ಹೊರಡುತ್ತಿತ್ತು. ಎಳೆಯ ಕೈಯ ಮನ್ವಿತಾ ಆಗಸ್ಟಿನೊಳಗೆ ಹೊಸ ಪದ್ಧತಿಗೆ ದಾಟಿಕೊಂಡಳು. ಎಸ್ತೆರ್ ದಾಟಿರಲಿಲ್ಲ. ಅವರು ಶಿಷ್ಯೆಯನ್ನು ಎದುರಿಗೆ ಕೂರಿಸಿಕೊಂಡು, "ನನ್ನ ಹೆಬ್ಬೆರಳು ಎದ್ದರೆ ಪೆನ್ಸಿಲಿನಲ್ಲಿ ಹೊಡಿ," ಎಂದು ಹೇಳಿದರು. ಮನ್ವಿತಾ ಹೊಡೆಯಲಿಲ್ಲ; "ಎದ್ದಿತು ಟೀಚರ್," ಎಂದು ಮಾತ್ರ ಹೇಳುತ್ತಿದ್ದಳು. ಎಸ್ತೆರ್ ಸಿಟ್ಟಾಗಲಿಲ್ಲ, ನೆಪ ಹೇಳಲಿಲ್ಲ. "ಪುನಃ," ಎಂದು ಹೇಳಿ ಮೊದಲಿನಿಂದ ಹಿಡಿಯುತ್ತಿದ್ದರು. ತನಗೆ ಕಲಿಸಿದವರು ತನ್ನೆದುರು ಹೀಗೆ ಎಡವುತ್ತ ಕೂರಬಲ್ಲರೆಂಬುದೇ ಮನ್ವಿತಾಳಿಗೆ ಅವರ ಯಾವ ಕಛೇರಿಗಿಂತಲೂ ದೊಡ್ಡದಾಗಿ ಕಂಡಿತು.

ಡಿಸೆಂಬರ್ ಕಾರ್ಯಕ್ರಮಕ್ಕೆ ಚಾರ್ಲ್ಸ್ ರಚಿಸಿದ ಕೃತಿಯಲ್ಲಿ ಇಂಗ್ಲಿಷ್ ಹಾರ್ನ್‌ಗೆ ಒಂಟಿಯಾಗಿ ನುಡಿಸುವ ದೀರ್ಘ ಭಾಗವಿತ್ತು. ಅದು ಎಸ್ತೆರ್ ಅವರದು. ಅಂಥ ಭಾಗಗಳನ್ನು ಅವರು ಈವರೆಗೆ ಹೆಬ್ಬೆರಳ ಪಟ್ಟಿಯಿದ್ದ ತಮ್ಮ ಸ್ವಂತದ ಹಳೆಯ ಹಾರ್ನಿನಲ್ಲಿ ನುಡಿಸುತ್ತಿದ್ದರು. ಹೆಬ್ಬೆರಳ ಪಟ್ಟಿಗೆ ಸಲೀಸಾದ ಆ ಎರಡು ಸ್ವರಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು; ಚಾರ್ಲ್ಸ್ ಅದನ್ನು ಬರೆದದ್ದು ಓಬೋ ಬಿರಿಯುವುದಕ್ಕೂ ಮೊದಲು. ತಾಲೀಮಿನಲ್ಲಿ ಅವರು ಎರಡು ಸಲ ನಿಂತುಹೋದ ಮೇಲೆ ಚಾರ್ಲ್ಸ್ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಎಸ್ತೆರ್ ಬಾಯಿ, ಇದೊಂದು ಸಲ ನಿಮ್ಮ ಹಳೇ ಹಾರ್ನಿನಲ್ಲೇ ಊದಿ. ಜನರಿಗೆ ಗೊತ್ತಾಗುದಿಲ್ಲ," ಎಂದರು.

"ಮನ್ವಿತಾಳಿಗೆ ಗೊತ್ತಾಗ್ತದೆ," ಎಂದರು ಎಸ್ತೆರ್.

ಕಾರ್ಯಕ್ರಮದ ಸಂಜೆ ಪುರಭವನ ತುಂಬಿತ್ತು. ಮನ್ವಿತಾ ಮೊದಲ ಓಬೋದ ಕುರ್ಚಿಯಲ್ಲಿ, ಎಸ್ತೆರ್ ಪಕ್ಕದಲ್ಲಿ ಹೊಸ ಹಾರ್ನ್ ಹಿಡಿದು. ಅವರ ಭಾಗ ಬಂದಾಗ ಉಳಿದ ವಾದ್ಯಗಳೆಲ್ಲ ಸುಮ್ಮನಾದವು. ಮನ್ವಿತಾ ಸ್ವರ ಕೇಳುವುದನ್ನು ಬಿಟ್ಟು ಅವರ ಎಡಗೈಯನ್ನೇ ನೋಡುತ್ತಿದ್ದಳು. ಮೊದಲ ಏರಿಕೆ ದಾಟಿತು. ಎರಡನೆಯದೂ ದಾಟಿತು. ಕೊನೆಯ ಏರಿಕೆಯಲ್ಲಿ ಹೆಬ್ಬೆರಳು ಮಿಸುಕಿತು, ಆದರೆ ಏಳಲಿಲ್ಲ. ಅದನ್ನು ತಡೆದು ಹಿಡಿದ ಆ ಗಳಿಗೆಯಲ್ಲಿ ತೋರುಬೆರಳು ಕೂದಲೆಳೆಯಷ್ಟು ತಡವಾಗಿ ಇಳಿಯಿತು. ಸ್ವರ ಬಂದಿತು, ತುಂಬಿಕೊಂಡು ಬಂದಿತು.

ಮುಗಿದ ಮೇಲೆ ಅಡ್ಯಂತಾಯರು ವೇದಿಕೆಯ ಹಿಂದಕ್ಕೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. "ಟೀಚರ್, ಕೊನೆಗೆ ಒಂದು ಕಡೆ ಹಾಗೇ ಒಂಚೂರು ನಿಂತು ಮತ್ತೆ ಮೇಲೆ ಹೋದ್ರಲ್ಲ... ಎಂತ ಚಂದ! ನನಗೆ ಮೈ ಜುಮ್ ಅಂತು."

"ಅದು ಚಂದ ಅಲ್ಲ ಅಡ್ಯಂತಾಯರೇ, ಅದು ತಪ್ಪು," ಎಂದು ಎಸ್ತೆರ್ ಹಾರ್ನಿನೊಳಗೆ ಬಟ್ಟೆ ಎಳೆಯುತ್ತ ಹೇಳಿದರು. "ಮುಂದಿನ ವರ್ಷ ಆ ತಪ್ಪು ಬರ್ಲಿಕ್ಕಿಲ್ಲ."

ಅವರ ಗೌರವಕ್ಕೆಂದು ಶಾಲೆ ತರುತ್ತಿರುವ ಈ ಅಭಿನಂದನ ಸಂಪುಟವನ್ನು ಅವರ ಕೈಗಿಡುವ ಹೊತ್ತಿಗೆ ಅವರು ಶಾಲೆಯ ಹಾಜರಿಯಿಂದ ಬಿಡುಗಡೆ ಹೊಂದಿರುತ್ತಾರೆ. ಬಿಡುಗಡೆಯ ಬಗ್ಗೆ ಅವರಿಗೆ ವಿಶೇಷ ಆಸಕ್ತಿಯಿದ್ದಂತೆ ಕಾಣುವುದಿಲ್ಲ. ಬರುವ ಡಿಸೆಂಬರಿಗೆ ಅದೇ ಕೃತಿಯನ್ನು ಇಡಲು ಚಾರ್ಲ್ಸ್ ಅವರನ್ನು ಒಪ್ಪಿಸಿದ್ದಾರೆ. ಹಾರ್ನಿನ ಭಾಗ ತಮ್ಮದೇ ಎಂದೂ ಹೇಳಿದ್ದಾರೆ. ಅವರ ಎದೆಯಲ್ಲಿ ಉಸಿರು, ತುಟಿಯಲ್ಲಿ ಬಲ, ಬೆರಳುಗಳಲ್ಲಿ ಹಟ ಬಹುಕಾಲ ಉಳಿಯಲೆಂದು ಶಿಷ್ಯರೂ ಸಹೋದ್ಯೋಗಿಗಳೂ ಮನಸಾರೆ ಹಾರೈಸುತ್ತಾರೆ. ಪುರಭವನದಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಮನ್ವಿತಾ ಕೂತಿರುತ್ತಾಳೆ. ಈ ಸಲ ಅವಳು ಅವರ ಕೈ ನೋಡುವುದಿಲ್ಲ, ಕೇಳುತ್ತಾಳೆ.