ಎಕ್ಸ್‌ರೇ ಹೇಳದ ವಯಸ್ಸು

ಕೋವಿಡ್ ಹಾವಳಿ ತಗ್ಗಿದ ಎರಡನೆಯ ವರ್ಷ. ನಾನಾಗ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು.

ಒಂದು ಬುಧವಾರ ಬೆಳಿಗ್ಗೆ ಸಬ್‌ಇನ್ಸ್‌ಪೆಕ್ಟರ್ ಒಬ್ಬರು ರಶೀದಾ ಎಂಬ ಹುಡುಗಿಯನ್ನು ಕರೆತಂದರು. ಬರ್ಮಾದಿಂದ ಓಡಿಬಂದ ಕುಟುಂಬ. ಜೂಜುವಾಡಿಯ ಗುಜರಿ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವ ಕೆಲಸ. ತಾಯಿಯ ಬಳಿ ನಿರಾಶ್ರಿತರ ಕಾರ್ಡಿತ್ತು, ಮಗಳ ಹೆಸರು ಅದರಲ್ಲಿ ಇನ್ನೂ ಸೇರಿರಲಿಲ್ಲ. ಕಾಗದಪತ್ರವಿಲ್ಲದೆ ದೇಶದೊಳಗಿದ್ದಾಳೆಂದು ಹಿಡಿದಿದ್ದರು. ಹುಡುಗಿಗೆ ಹದಿನೆಂಟು ತುಂಬಿಲ್ಲವಾದರೆ ಮಕ್ಕಳ ಮಂದಿರಕ್ಕೆ ಹೋಗುತ್ತಾಳೆ, ಅಲ್ಲಿಂದ ತಾಯಿಯ ವಶಕ್ಕೆ ಬರಬಹುದು. ತುಂಬಿದ್ದರೆ ಜೈಲು. ಅದನ್ನು ನಾನು ಹೇಳಬೇಕಿತ್ತು.

ಇದಕ್ಕೆ ಆಸಿಫಿಕೇಶನ್ ಟೆಸ್ಟ್ ಎನ್ನುತ್ತೇವೆ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೆತ್ತನೆಯ ಪಟ್ಟಿಯೊಂದಿರುತ್ತದೆ. ಬೆಳವಣಿಗೆ ಮುಗಿಯುತ್ತಾ ಅದೂ ಗಟ್ಟಿ ಎಲುಬಾಗಿ ಬೆಸೆದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಆ ಬೆಸುಗೆ ನೋಡಿ ವಯಸ್ಸು ಅಂದಾಜು ಮಾಡುತ್ತೇವೆ. ಅದು ಎರಡು ವರ್ಷ ಹಿಂದೆಮುಂದೆ ಆಗಬಹುದು.

ಎಕ್ಸ್‌ರೇ ತೆಗೆದ ಟೆಕ್ನೀಶಿಯನ್ ಇಮಾಮ್ ಕೆಲಮಂಗಲದವರು. ಉರ್ದು ಬಲ್ಲ ಅವರೇ ಹುಡುಗಿಯ ಜೊತೆ ಹೇಗೋ ಮಾತಾಡುತ್ತಿದ್ದರು. ಫಿಲ್ಮನ್ನು ಬೆಳಕಿಗೆ ಹಿಡಿದು ಮಣಿಕಟ್ಟಿನ ಜಾಗ ತೋರಿಸಿದರು.

“ಮೇಡಮ್ಮೋರೆ, ಗೀಟು ಇನ್ನೂ ಸಣ್ಣಕೆ ಕಾಣ್ತದೆ. ಹದಿನಾರು ಅಂತಾವ್ಳೆ. ಇದ್ರೂ ಇರ್ಬೌದು.”

ನನಗೂ ಕಂಡಿತ್ತು. ಹದಿನಾರರಿಂದ ಇಪ್ಪತ್ತರೊಳಗೆ ಎಂದಷ್ಟೇ ಬರೆಯಬಹುದಾದ ಚಿತ್ರ ಅದು. ಸಬ್‌ಇನ್ಸ್‌ಪೆಕ್ಟರ್ ತಮಿಳಿನಲ್ಲಿ, ವಿನಯದಿಂದಲೇ, ಒಂದೇ ಸಂಖ್ಯೆ ಬರೆದುಕೊಡಿ ಎಂದರು. ಅಂದಾಜು ಬರೆದರೆ ಕೋರ್ಟು ತಿರುಗಿ ಕಳಿಸುತ್ತದಂತೆ. ಹೊರಗೆ ಮೂವತ್ತು ಜನ ಸ್ಕ್ಯಾನಿಂಗಿಗೆ ಕಾಯುತ್ತಿದ್ದರು. ‘ಹದಿನೆಂಟು ವರ್ಷ ತುಂಬಿದೆ’ ಎಂದು ಬರೆದು ಸಹಿ ಹಾಕಿದೆ. ಇಮಾಮ್ ನನ್ನ ಮುಖ ನೋಡಿ ಫಿಲ್ಮನ್ನು ಲಕೋಟೆಗೆ ಹಾಕಿದರು. ಕಾರಿಡಾರಿನಲ್ಲಿ ಅವಳ ತಾಯಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾರ್ಡನ್ನು ನನ್ನತ್ತ ಚಾಚಿದಳು. ನಾನು ನಿಲ್ಲಲಿಲ್ಲ.

ಎಂಟು ತಿಂಗಳ ಮೇಲೆ ಸಾಕ್ಷಿ ಹೇಳಲು ಸಮನ್ಸ್ ಬಂತು. ಅಷ್ಟರಲ್ಲಿ ಅವಳಿಗೆ ಜಾಮೀನು ಸಿಕ್ಕಿತ್ತು. ಸಿಕ್ಕ ದಿನವೇ ಜೈಲಿನ ಬಾಗಿಲಿಂದ ಸೀದಾ ವಿದೇಶಿಯರನ್ನು ಕೂಡಿಹಾಕುವ ಕ್ಯಾಂಪಿಗೆ ಒಯ್ದಿದ್ದರು. ಜೈಲಿಗಾದರೂ ಅವಧಿಯಿದೆ. ಕ್ಯಾಂಪಿನಲ್ಲಿ ಅವಳ ದೇಶ ಅವಳನ್ನು ಒಪ್ಪಿಕೊಳ್ಳುವವರೆಗೆ ಇರಬೇಕು, ಆ ದೇಶ ಅವಳನ್ನು ತನ್ನವಳೆಂದೇ ಎಣಿಸುವುದಿಲ್ಲ.

ಅವಳ ಪರ ವಕೀಲರು, ಈ ಪರೀಕ್ಷೆಯಲ್ಲಿ ಎಷ್ಟು ವ್ಯತ್ಯಾಸ ಬರಬಹುದು ಎಂದು ಕೇಳಿದರು. ಎರಡು ವರ್ಷ ಎಂದೆ. ಹಾಗಾದರೆ ಯಾಕೆ ಬರೆಯಲಿಲ್ಲ ಎಂದರು. ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ ಎಂದುಬಿಟ್ಟೆ. ವಕೀಲರು ನನ್ನ ರಿಪೋರ್ಟನ್ನೇ ನನ್ನ ಕೈಗೆ ಕೊಟ್ಟು ಕೊನೆಯ ಸಾಲನ್ನು ಓದಲು ಹೇಳಿದರು.

‘ರಿಮಾರ್ಕ್ಸ್’, ಅಂದರೆ ಷರಾ, ಎಂದು ಅಚ್ಚಾಗಿತ್ತು. ಅದರ ಮುಂದೆ ಮೂರು ಗೆರೆ ಖಾಲಿ ಇದ್ದವು.

ಜಡ್ಜ್ ಮೂವರು ವೈದ್ಯರಿಂದ ಮರುಪರೀಕ್ಷೆಗೆ ಆದೇಶಿಸಿದರು. ಹೊರಗೆ ಬೆಂಚಿನ ಮೇಲೆ ಇಬ್ಬರು ಮಹಿಳಾ ಪೊಲೀಸರ ನಡುವೆ ರಶೀದಾ ಕೂತಿದ್ದಳು. ನನ್ನಿಂದ ತಪ್ಪಾಯಿತೆಂದು ಅವಳಿಗೆ ಹೇಳಿ ಎಂದು ಜೊತೆಗೆ ಬಂದಿದ್ದ ಇಮಾಮರಿಗೆ ಹೇಳಿದೆ. ಅವಳು ತಲೆಯೆತ್ತದೆ ಬಹಳ ಹೊತ್ತು ಮಾತಾಡಿದಳು. ಕ್ಯಾಂಪಿನಲ್ಲಿ ದಿನಕ್ಕೆರಡು ಸಲ ತಲೆ ಎಣಿಸುತ್ತಾರೆ, ವಾರಕ್ಕೊಮ್ಮೆ ಹತ್ತು ನಿಮಿಷ ಅಮ್ಮನಿಗೆ ಫೋನು, ಆಗ ಇಬ್ಬರೂ ಅಳುವುದರಲ್ಲೇ ಹೊತ್ತು ಹೋಗುತ್ತದೆ. ಕೊನೆಗೆ ಏನೋ ಅಂದಳು. ಇಮಾಮ್ ತಡೆದು ತಡೆದು ಹೇಳಿದರು.

“ಹದಿನಾರು ಅಂದಾಗೆಲ್ಲ ನಿಮ್ ಕಾಗ್ದ ತೋರ್ಸಿ ಸುಳ್ಳಿ ಅಂದ್ರಂತೆ. ಈಗ ಅವ್ಳಿಗೇ ಅನ್ಮಾನ ಬಂದ್ಬುಟ್ಟೈತೆ. ಅಮ್ಮನ್ನ ಕೇಳಿ ತಿಳ್ಕೊತೀನಿ ಅಂತಾವ್ಳೆ.”

ವೈದ್ಯರ ಮಂಡಳಿ ‘ಹದಿನೆಂಟರೊಳಗಿನವಳು ಎಂಬುದನ್ನು ಅಲ್ಲಗಳೆಯಲಾಗದು’ ಎಂದು ಬರೆಯಿತು. ಅದೊಂದು ಸಾಲಿನಿಂದ ಅವಳು ಮಕ್ಕಳ ಮಂದಿರಕ್ಕೆ, ಅಲ್ಲಿಂದ ಮತ್ತೊಂದು ತಿಂಗಳಿಗೆ ತಾಯಿಯ ಬಳಿಗೆ ಹೋದಳು. ನಾನು ಜೂಜುವಾಡಿಗೆ ಹೋಗುವಷ್ಟರಲ್ಲಿ ತಾಯಿಮಗಳು ಶೆಡ್ಡು ಬಿಟ್ಟಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಸರ್ಕಾರಿ ಡಾಕ್ಟರಿಗೆ ಹೇಳಬೇಕಾಗಿರಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದೂ ವೈದ್ಯರ ಕೆಲಸವೇ. ಇದನ್ನು ಮೂವತ್ತು ವರ್ಷಗಳಿಂದ ಕಿರಿಯರಿಗೆ ನಾನೇ ಪಾಠ ಹೇಳಿಕೊಂಡು ಬಂದಿದ್ದೆ. ನಾನು ಕಲಿತದ್ದು ಮಾತ್ರ ಕೋರ್ಟಿನ ಹೊರಗೆ ರಶೀದಾ ಕೂತಿದ್ದ ಆ ಬೆಂಚಿನ ಎದುರು ನಿಂತಾಗ.